ಗಿಲಾವು ಮುಚ್ಚುವ ಮುನ್ನ: ಮೇಲೇಳುವ ಗೋಪುರವನ್ನು ಓದುವ ಬಗೆ

ಬಹುಮಹಡಿ ಕಟ್ಟಡವೊಂದರ ಆಯುಷ್ಯದಲ್ಲಿ ಅದರ ಮೈಕಟ್ಟು ಬಯಲಿಗೆ ಕಾಣುವ ಕಾಲ ಬಹಳ ಚಿಕ್ಕದು. ಪಾಯ ತೋಡಿದ ದಿನದಿಂದ ಗಿಲಾವು ಹಚ್ಚಿ ಗಾಜು ಕೂರಿಸುವವರೆಗಿನ ಕೆಲವೇ ವರ್ಷಗಳಲ್ಲಿ ಮಾತ್ರ ಭಾರ ಹೊರುವ ಕಂಬ, ಭಾರವನ್ನು ಕಂಬಕ್ಕೆ ದಾಟಿಸುವ ತೊಲೆ, ಗಾಳಿಯ ಒತ್ತಡಕ್ಕೆ ಎದೆಯೊಡ್ಡುವ ಗೋಡೆ, ಇವೆಲ್ಲದರ ಒಳಗೆ ಹೆಣೆದ ಉಕ್ಕಿನ ಕಂಬಿ ಕಣ್ಣಿಗೆ ಬೀಳುತ್ತವೆ. ಆಮೇಲೆ ದಶಕಗಳ ಕಾಲ ಅಲ್ಲಿ ಬಾಳುವವರಿಗೆ ಕಾಣುವುದು ಬಣ್ಣ, ಟೈಲ್ಸು, ಲಿಫ್ಟಿನ ಬಾಗಿಲು. ಮನೆ ಕೊಳ್ಳುವವರು ಲಕ್ಷಗಟ್ಟಲೆ ಸಾಲ ಮಾಡಿ ಹಣ ತೆರುವುದು ಈ ಹೊರಮೈ ನೋಡಿಯಾದರೂ, ಅವರ ಜೀವವನ್ನು ಕಾಯುವುದು ಅವರೆಂದೂ ನೋಡದ ಒಳಮೈ. ಆದ್ದರಿಂದ ಕಟ್ಟಡ ಮೇಲೇಳುವುದನ್ನು ನೋಡುವುದು ಹೊತ್ತು ಕಳೆಯುವ ಕುತೂಹಲವೆಂದು ಬದಿಗಿಡತಕ್ಕದ್ದಲ್ಲ. ನಗರದಲ್ಲಿ ಬಾಳುವವರೆಲ್ಲ ಕಲಿಯಬೇಕಾದ ಒಂದು ಓದು ಅದು, ಮತ್ತು ಆ ಓದಿಗೆ ಅವಕಾಶ ಮಾಡಿಕೊಡುವುದು ಕಟ್ಟುವವರ ಹಾಗೂ ಆಳುವವರ ಕರ್ತವ್ಯ.

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ 1973ರಲ್ಲಿ ಪೂರ್ಣಗೊಂಡ, ಜನರು ಯುಟಿಲಿಟಿ ಬಿಲ್ಡಿಂಗ್ ಎಂದೇ ಕರೆಯುವ 25 ಅಂತಸ್ತಿನ ಕಟ್ಟಡವು ನೂರು ಮೀಟರಿಗಿಂತ ತುಸು ಹೆಚ್ಚು ಎತ್ತರವಿದ್ದು, ಬಹುಕಾಲ ನಗರದ ಎತ್ತರದ ಅಳತೆಗೋಲಾಗಿತ್ತು. ಇಂದು ಅದೇ ಎತ್ತರವನ್ನು ಮೀರಿದ ವಸತಿ ಗೋಪುರಗಳು ಹೆಬ್ಬಾಳ, ಯಶವಂತಪುರ, ವೈಟ್‌ಫೀಲ್ಡ್, ಕನಕಪುರ ರಸ್ತೆಗಳ ಸುತ್ತ ಎದ್ದಿವೆ, ಏಳುತ್ತಲೂ ಇವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ದೇಶದ ಕಟ್ಟಡಗಳ ವಿನ್ಯಾಸ ಮತ್ತು ಸುರಕ್ಷತೆಗಾಗಿ ಭಾರತೀಯ ಮಾನಕ ಸಂಸ್ಥೆ ಹೊರತಂದ ನಿಯಮಗ್ರಂಥವು, 15 ಮೀಟರ್ ಮತ್ತು ಅದಕ್ಕಿಂತ ಹೆಚ್ಚು ಎತ್ತರದ ಕಟ್ಟಡವನ್ನು ಬಹುಮಹಡಿ ಕಟ್ಟಡವೆಂದು ಗಣಿಸುತ್ತದೆ. ಆ ಲೆಕ್ಕದಲ್ಲಿ ಐದು ಅಂತಸ್ತಿನ ಅಪಾರ್ಟ್‌ಮೆಂಟೂ ಬಹುಮಹಡಿಯೇ ಆಗುವುದರಿಂದ, ಈ ಓದು ಗಗನಚುಂಬಿಗಳ ನೆರೆಯವರಿಗಷ್ಟೇ ಸೀಮಿತವಾದದ್ದಲ್ಲ.

ನೆಲದ ಕೆಳಗಿನ ಅಧ್ಯಾಯ

ಗೋಪುರದ ಕೆಲಸ ಮೇಲಕ್ಕೆ ಹೊರಡುವ ಮುನ್ನ ಕೆಳಕ್ಕೆ ಇಳಿಯುತ್ತದೆ. ನಿವೇಶನದ ಹಲವು ಕಡೆ ಕೊರೆದು ಮಣ್ಣು ಮತ್ತು ಕಲ್ಲಿನ ಮಾದರಿ ತೆಗೆಯುವುದು ಮೊದಲ ಹೆಜ್ಜೆ. ಅದರ ಜೊತೆಗೇ 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಡುತ್ತ, ಕೊಳವೆಯೊಂದು 30 ಸೆಂಟಿಮೀಟರ್ ಒಳಹೊಗಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುವ ಪರೀಕ್ಷೆಯೂ ನಡೆಯುತ್ತದೆ. ಪೆಟ್ಟುಗಳ ಸಂಖ್ಯೆ ಹೆಚ್ಚಿದಷ್ಟೂ ನೆಲ ಗಟ್ಟಿ. ಬೆಂಗಳೂರಿನ ನೆಲದಲ್ಲಿ ಸಾಮಾನ್ಯವಾಗಿ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಹವೆ-ನೀರುಗಳಿಂದ ಸವೆದು ಪುಡಿಯಾದ ಕಲ್ಲು, ಅದಕ್ಕೂ ಕೆಳಗೆ ನೈಸ್ ಎಂಬ ಗಟ್ಟಿ ಶಿಲೆ ಸಿಗುತ್ತವೆ. ಲಾಲ್‌ಬಾಗಿನ ಬಂಡೆ ಈ ಶಿಲಾಸಮೂಹಕ್ಕೆ ಸೇರಿದ್ದು, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಗುರುತಿಸಲ್ಪಟ್ಟು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದೆ. ಇಂಥ ಶಿಲೆ ಕೈಗೆಟುಕುವ ಆಳದಲ್ಲಿ ಸಿಗುವುದು ಕಟ್ಟುವವರ ಭಾಗ್ಯವೇ ಸರಿ. ಆದರೆ ಅದು ಒಂದೇ ನಿವೇಶನದಲ್ಲಿ ಒಂದು ಮೂಲೆಯಲ್ಲಿ ಮೇಲೆ, ಇನ್ನೊಂದು ಮೂಲೆಯಲ್ಲಿ ಬಹಳ ಕೆಳಗೆ ಇರಬಹುದಾದ್ದರಿಂದ ಅಥವಾ ಗಟ್ಟಿ ಬಂಡೆಗಳ ನಡುವೆ ಮೆತ್ತನೆಯ ಪದರ ಅಡಗಿರಬಹುದಾದ್ದರಿಂದ, ಒಂದೆರಡು ಕಡೆ ಮಾತ್ರ ಕೊರೆದು ತೃಪ್ತಿಪಡುವುದು ಅಪಾಯಕಾರಿ.

ವಾಹನ ನಿಲುಗಡೆಗೆಂದು ಎರಡು ಮೂರು ನೆಲಮಾಳಿಗೆಗಳನ್ನು ತೋಡುವಾಗ ಅಕ್ಕಪಕ್ಕದ ಮನೆ, ರಸ್ತೆ, ಚರಂಡಿಗಳ ಕೆಳಗಿನ ಮಣ್ಣು ಗುಂಡಿಯೊಳಕ್ಕೆ ಜರಿಯದಂತೆ ತಡೆಯಬೇಕಾಗುತ್ತದೆ. ಇದಕ್ಕಾಗಿ ಗುಂಡಿಯ ಅಂಚಿನುದ್ದಕ್ಕೂ ಒತ್ತೊತ್ತಾಗಿ ಕಾಂಕ್ರೀಟ್ ಕಂಬಗಳನ್ನು ನೆಲದೊಳಗೇ ಎರೆಯುವುದುಂಟು. ಇಲ್ಲವೇ ಗುಂಡಿಯ ಗೋಡೆಗೆ ಅಡ್ಡಲಾಗಿ ಉದ್ದನೆಯ ಉಕ್ಕಿನ ಸರಳುಗಳನ್ನು ಹೊಗಿಸಿ, ಮೇಲೆ ಜಾಲರಿ ಹರಡಿ, ಒತ್ತಡದಿಂದ ಕಾಂಕ್ರೀಟ್ ಸಿಂಪಡಿಸುವುದುಂಟು. ಈ ಹಂತದಲ್ಲಿ ಬೇಲಿಯಾಚೆ ನಿಂತವರು ಗಮನಿಸಬೇಕಾದದ್ದು ಇಷ್ಟು: ಗುಂಡಿಯ ಗೋಡೆ ಲಂಬವಾಗಿ ಬೆತ್ತಲೆ ನಿಂತಿದೆಯೇ, ತೋಡಿದ ಮಣ್ಣನ್ನು ಗುಂಡಿಯ ಅಂಚಿಗೇ ಪೇರಿಸಿಟ್ಟಿದ್ದಾರೆಯೇ, ಪಕ್ಕದ ಕಾಂಪೌಂಡಿನಲ್ಲಿ ಹೊಸ ಬಿರುಕು ಮೂಡಿದೆಯೇ. ಮಳೆಗಾಲದಲ್ಲಿ ಕಾಂಪೌಂಡು ಗೋಡೆ ಕುಸಿಯುವ ಮುನ್ನ ಸಿಗಬಹುದಾದ ಎಚ್ಚರಿಕೆಗಳು ಇವು.

ಗುಂಡಿಯ ತಳದಲ್ಲಿ ಇಡೀ ಗೋಪುರದ ಭಾರವನ್ನು ಹಂಚಿ ನೆಲಕ್ಕೆ ಇಳಿಸುವ ದಪ್ಪ ಕಾಂಕ್ರೀಟ್ ಹಾಸನ್ನು ಇಂಜಿನಿಯರುಗಳು ರಾಫ್ಟ್ ಎನ್ನುತ್ತಾರೆ. ಒಂದೊಂದು ಕಂಬಕ್ಕೂ ಪ್ರತ್ಯೇಕ ಪಾಯ ಹಾಕಿದರೆ ಒಂದು ಕಂಬ ಹೆಚ್ಚು, ಇನ್ನೊಂದು ಕಡಿಮೆ ಕುಸಿದು ಕಟ್ಟಡ ಬಿರಿಯುವ ಭಯವಿರುವಲ್ಲಿ, ಎಲ್ಲ ಕಂಬಗಳೂ ಒಂದೇ ಹಾಸಿನ ಮೇಲೆ ನಿಂತು ಒಟ್ಟಾಗಿ ಇಳಿಯುವಂತೆ ಮಾಡುವುದೇ ಇದರ ಉದ್ದೇಶ. ದುಬೈಯಲ್ಲಿ 2004ರಲ್ಲಿ ಆರಂಭವಾಗಿ 2010ರ ಜನವರಿಯಲ್ಲಿ ಉದ್ಘಾಟನೆಗೊಂಡ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಕೂಡ 3.7 ಮೀಟರ್ ದಪ್ಪದ ಇಂಥದೇ ಹಾಸಿನ ಮೇಲೆ ನಿಂತಿದೆ. ಆದರೆ ಅಲ್ಲಿನ ಮೆತ್ತನೆಯ ಶಿಲೆ ಅಷ್ಟು ಭಾರಕ್ಕೆ ಸಾಲದ್ದರಿಂದ, ಹಾಸಿನ ಕೆಳಗೆ ಒಂದೂವರೆ ಮೀಟರ್ ವ್ಯಾಸದ 192 ಕಾಂಕ್ರೀಟ್ ಕಂಬಗಳನ್ನು ನಲವತ್ತು ಮೀಟರಿಗೂ ಮಿಗಿಲಾದ ಆಳಕ್ಕೆ ಇಳಿಸಬೇಕಾಯಿತು.

ಇಷ್ಟು ದಪ್ಪದ ಕಾಂಕ್ರೀಟನ್ನು ಎರೆದಾಗ ಎದುರಾಗುವ ದೊಡ್ಡ ಸಮಸ್ಯೆ ಬಿಸಿ. ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವುದು ಶಾಖವನ್ನು ಹೊರಬಿಡುವ ರಾಸಾಯನಿಕ ಕ್ರಿಯೆಯಾಗಿದ್ದು, ಹಾಸಿನ ಮೇಲ್ಮೈ ಬೇಗ ತಣಿದರೂ ಒಡಲಿನ ಬಿಸಿ ದಿನಗಟ್ಟಲೆ ಉಳಿಯುತ್ತದೆ. ಒಳಗು ಹಿಗ್ಗಿ, ಹೊರಗು ಕುಗ್ಗಿದರೆ ಬಿರುಕು ಖಚಿತ. ಅದಕ್ಕಾಗಿಯೇ ಇಂಥ ಹಾಸುಗಳಲ್ಲಿ ಉಷ್ಣಮಾಪಕ ತಂತಿಗಳನ್ನು ಹುದುಗಿಸಿ ಒಳ-ಹೊರಗಿನ ಉಷ್ಣತೆಯ ಅಂತರವನ್ನು ಕಾಯುತ್ತಾರೆ, ನೀರಿನ ಬದಲು ಮಂಜುಗಡ್ಡೆ ಬೆರೆಸುತ್ತಾರೆ, ರಾತ್ರಿಯಲ್ಲಿ ಎರೆಯುತ್ತಾರೆ. ಸಿಮೆಂಟಿನ ಒಂದು ಪಾಲಿನ ಬದಲಿಗೆ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನೋ ಕಬ್ಬಿಣದ ಕುಲುಮೆಯ ಕಿಟ್ಟವನ್ನು ನುಣ್ಣಗೆ ಅರೆದ ಪುಡಿಯನ್ನೋ ಬಳಸುತ್ತಾರೆ. ರಾಯಚೂರಿನ ಕಲ್ಲಿದ್ದಲ ಬೂದಿಯೂ ತೋರಣಗಲ್ಲಿನ ಕಬ್ಬಿಣದ ಕಿಟ್ಟವೂ ಹೀಗೆ ಕಟ್ಟಡಗಳ ಒಡಲು ಸೇರಿ, ಅವುಗಳ ಬಿಸಿಯನ್ನು ತಗ್ಗಿಸಿ, ಬಾಳಿಕೆಯನ್ನು ಹೆಚ್ಚಿಸುತ್ತವೆ ಎಂಬುದು ನಾಡಿನ ಕೈಗಾರಿಕೆಗಳ ಒಳನಂಟನ್ನು ತೋರುವ ಸಂಗತಿ.

ಕಂಬಿ ಮತ್ತು ಕಾಂಕ್ರೀಟಿನ ಕೂಡುಬಾಳ್ವೆ

ಕಾಂಕ್ರೀಟು ಒತ್ತುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಎಳೆದರೆ ಬೇಗ ಬಿರಿಯುತ್ತದೆ. ಎಳೆತವನ್ನು ತಡೆಯುವ ಅದರ ಶಕ್ತಿ ಒತ್ತಡವನ್ನು ತಡೆಯುವ ಶಕ್ತಿಯ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಭಾರ ಬಿದ್ದ ತೊಲೆ ಬಾಗುವಾಗ ಅದರ ನಡುಭಾಗದಲ್ಲಿ ಮೇಲ್ಮೈ ಒತ್ತಿಕೊಂಡು ಕೆಳಮೈ ಎಳೆದುಕೊಳ್ಳುವುದರಿಂದ, ಎಳೆತ ಬೀಳುವ ಜಾಗದಲ್ಲಿ ಉಕ್ಕಿನ ಕಂಬಿಯನ್ನು ಇಡುತ್ತಾರೆ. ಬಿಸಿಲಿಗೆ ಉಕ್ಕು ಮತ್ತು ಕಾಂಕ್ರೀಟು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದು, ಕಾಂಕ್ರೀಟಿನ ಕ್ಷಾರಗುಣ ಕಂಬಿಯನ್ನು ತುಕ್ಕಿನಿಂದ ಕಾಯುವುದು, ಈ ಎರಡು ಗುಣಗಳು ಸೇರಿ ಇವೆರಡರ ಕೂಡುಬಾಳ್ವೆ ಸಾಧ್ಯವಾಗಿದೆ. ಆ ಕಾವಲು ಉಳಿಯಬೇಕಾದರೆ ಕಂಬಿಯ ಸುತ್ತ ಸಾಕಷ್ಟು ಕಾಂಕ್ರೀಟ್ ಹೊದಿಕೆ ಇರಲೇಬೇಕು. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456 ಕಂಬಗಳಿಗೆ ಸಾಮಾನ್ಯವಾಗಿ 40 ಮಿಲಿಮೀಟರ್ ಹೊದಿಕೆಯನ್ನು ಕೇಳುತ್ತದೆ. ಕಂಬಿಗೂ ಅಚ್ಚಿನ ಹಲಗೆಗೂ ನಡುವೆ ಸಿಕ್ಕಿಸುವ ಕವರ್ ಬ್ಲಾಕ್ ಎಂಬ ಪುಟ್ಟ ಕಾಂಕ್ರೀಟ್ ತುಂಡುಗಳಿಂದ ಈ ಅಂತರ ಉಳಿಯುತ್ತದೆ. ಅಂಗೈಗಿಂತ ಚಿಕ್ಕದಾದ ಈ ತುಂಡುಗಳನ್ನು ಇಡಲು ಉದಾಸೀನ ಮಾಡಿದ ಕಟ್ಟಡಗಳಲ್ಲಿ ಹತ್ತಾರು ವರ್ಷಗಳ ನಂತರ ಕಂಬಿ ತುಕ್ಕು ಹಿಡಿದು ಉಬ್ಬಿ, ಸಿಮೆಂಟನ್ನು ಹೆಕ್ಕಳಿಕೆಯಾಗಿ ಕಿತ್ತುಹಾಕುವುದನ್ನು ಹಳೆಯ ಬಾಲ್ಕನಿಗಳ ಕೆಳಗೆ ನಿಂತು ಯಾರಾದರೂ ನೋಡಬಹುದು.

ನಗರದ ಗೋಪುರಗಳಿಗೆ ಬೇಕಾದ ಕಾಂಕ್ರೀಟು ಇಂದು ನಿವೇಶನದಲ್ಲಿ ಕಲಸಲ್ಪಡುವುದು ಕಡಿಮೆ. ನಗರದ ಅಂಚಿನ ಘಟಕಗಳಲ್ಲಿ ಸಿಮೆಂಟು, ಜಲ್ಲಿ, ಎಂ-ಸ್ಯಾಂಡ್ ಎಂದು ಕರೆಯುವ ಕಲ್ಲು ಪುಡಿಮಾಡಿದ ಮರಳು, ನೀರು ಮತ್ತು ರಾಸಾಯನಿಕಗಳನ್ನು ತೂಗಿ ಬೆರೆಸಿ, ತಿರುಗುವ ಹೊಟ್ಟೆಯ ಲಾರಿಗಳಲ್ಲಿ ತರಲಾಗುತ್ತದೆ. ನೀರು ಸೇರಿದ ಕ್ಷಣದಿಂದಲೇ ಗಟ್ಟಿಯಾಗುವ ಕ್ರಿಯೆ ಆರಂಭವಾಗುವುದರಿಂದ, ಸಿದ್ಧಮಿಶ್ರಣದ ಮಾನಕವಾದ ಐಎಸ್ 4926 ಲಾರಿಯಿಂದ ಕಾಂಕ್ರೀಟನ್ನು ಇಳಿಸಲು ಸಾಮಾನ್ಯವಾಗಿ ಎರಡು ಗಂಟೆಗಳ ಗಡುವು ವಿಧಿಸುತ್ತದೆ. ಬೆಂಗಳೂರಿನ ವಾಹನದಟ್ಟಣೆಯಲ್ಲಿ ಈ ಗಡುವನ್ನು ಪಾಲಿಸುವುದು ಸುಲಭವಲ್ಲದ ಕಾರಣ, ಗಟ್ಟಿಯಾಗುವುದನ್ನು ನಿಧಾನಿಸುವ ರಾಸಾಯನಿಕದ ಜೊತೆಗೆ ರಾತ್ರಿಯ ಹೊತ್ತನ್ನೂ ನೆಚ್ಚಬೇಕಾಗುತ್ತದೆ; ನೆರೆಯವರ ನಿದ್ದೆಗೆಡಿಸುವ ರಾತ್ರಿಯ ಕಾಂಕ್ರೀಟ್ ಎರೆತಕ್ಕೆ ಇದೂ ಒಂದು ಕಾರಣ.

ಲಾರಿ ಬಂದು ನಿಂತಾಗ ಅದರ ಬಳಿ ನಡೆಯುವ ಎರಡು ಪರೀಕ್ಷೆಗಳು ನೋಡುಗರ ಗಮನಕ್ಕೆ ಅರ್ಹವಾದವು. ಮೊದಲನೆಯದು ಸ್ಲಂಪ್ ಪರೀಕ್ಷೆ: 30 ಸೆಂಟಿಮೀಟರ್ ಎತ್ತರದ, ತಳವಿಲ್ಲದ ಲೋಹದ ಶಂಕುವಿನಲ್ಲಿ ಕಾಂಕ್ರೀಟು ತುಂಬಿ, ಶಂಕುವನ್ನು ಮೇಲೆತ್ತಿ, ರಾಶಿ ಎಷ್ಟು ಕುಸಿಯಿತೆಂದು ಅಳೆಯುತ್ತಾರೆ. ಅದು ರಾಗಿಮುದ್ದೆಯಂತೆ ನಿಂತರೆ ಪಂಪಿನಲ್ಲಿ ಏರದು, ಅಂಬಲಿಯಂತೆ ಹರಿದರೆ ನೀರು ಹೆಚ್ಚಾಗಿರಬಹುದು ಎಂದರ್ಥ. ಸುಲಭವಾಗಿ ಸುರಿಯಲೆಂದು ನಿವೇಶನದಲ್ಲಿ ನೀರು ಬೆರೆಸುವುದು ಕಾಂಕ್ರೀಟಿನ ಬಲವನ್ನು ಕದಿಯುವ ಅತ್ಯಂತ ಸಾಮಾನ್ಯ ತಪ್ಪು. ಎರಡನೆಯದು ಕ್ಯೂಬ್ ಪರೀಕ್ಷೆ: 15 ಸೆಂಟಿಮೀಟರ್ ಬದಿಯ ಘನಗಳನ್ನು ಅದೇ ಕಾಂಕ್ರೀಟಿನಿಂದ ಎರೆದು, ನೀರಿನಲ್ಲಿಟ್ಟು, 28ನೆಯ ದಿನ ಯಂತ್ರದಲ್ಲಿ ಒತ್ತಿ ಪುಡಿಮಾಡಿ, ಎಷ್ಟು ಭಾರ ತಡೆದವೆಂದು ದಾಖಲಿಸುತ್ತಾರೆ. ಎಂ-40 ಎಂದು ಹೆಸರಿಸಿದ ಕಾಂಕ್ರೀಟಿನಲ್ಲಿ 40 ಎಂಬುದು ಈ ಘನಗಳ ಪ್ರತಿ ಚದರ ಮಿಲಿಮೀಟರು 40 ನ್ಯೂಟನ್ ಒತ್ತಡವನ್ನು ತಾಳಬೇಕೆಂಬ ಕರಾರು. ಫಲಿತಾಂಶ ಬರುವ ಹೊತ್ತಿಗೆ ಗೋಪುರ ಎರಡು ಮೂರು ಅಂತಸ್ತು ಮೇಲೇರಿರುತ್ತದೆ ಎಂಬುದನ್ನು ನೆನೆದರೆ, ಏಳನೆಯ ದಿನದ ಪರೀಕ್ಷೆಯಲ್ಲೇ ಎಚ್ಚೆತ್ತುಕೊಳ್ಳುವ ಶಿಸ್ತು ಎಷ್ಟು ಮುಖ್ಯವೆಂಬುದು ತಿಳಿಯುತ್ತದೆ.

ಅಂತಸ್ತಿನ ಮೇಲೆ ಅಂತಸ್ತು

ನೆಲಮಟ್ಟ ದಾಟಿದ ಮೇಲೆ ಮೊದಲು ತಲೆಯೆತ್ತುವುದು ಕಟ್ಟಡದ ನಡುವಿನ ಕೋರ್, ಅಂದರೆ ಲಿಫ್ಟು ಮತ್ತು ಮೆಟ್ಟಿಲುಗಳನ್ನು ಸುತ್ತುವರಿದ ದಪ್ಪ ಕಾಂಕ್ರೀಟ್ ಗೋಡೆಗಳ ಕೊಳವೆ. ಗಾಳಿ ಮತ್ತು ಭೂಕಂಪ ಕಟ್ಟಡವನ್ನು ಅಡ್ಡಡ್ಡಲಾಗಿ ತಳ್ಳುವಾಗ ಮುಖ್ಯವಾಗಿ ಎದುರು ನಿಲ್ಲುವುದು ಇದೇ. ವಸತಿ ಗೋಪುರಗಳಲ್ಲಿ ಈಗ ಇಟ್ಟಿಗೆ ಗೋಡೆಗಳ ಬದಲಿಗೆ ಬಹುಪಾಲು ಗೋಡೆಗಳನ್ನೂ ಕಾಂಕ್ರೀಟಿನಲ್ಲೇ ಎರೆಯುವ ಪದ್ಧತಿ ಹರಡಿದೆ. ಕೆಲಸಗಾರರು ಮೈವಾನ್ ಎನ್ನುವ ಅಲ್ಯೂಮಿನಿಯಂ ಅಚ್ಚಿನ ಫಲಕಗಳು ಒಬ್ಬಿಬ್ಬರು ಕೈಯಲ್ಲಿ ಎತ್ತುವಷ್ಟು ಹಗುರವಾಗಿದ್ದು, ಒಂದು ಅಂತಸ್ತಿನಲ್ಲಿ ಬಿಚ್ಚಿದ ಫಲಕವನ್ನು ಚಾವಣಿಯ ಕಿಂಡಿಯ ಮೂಲಕ ಮೇಲಿನ ಅಂತಸ್ತಿಗೆ ದಾಟಿಸಿ, ಪಿನ್ನು-ಬೆಣೆ ಬಡಿದು ಮತ್ತೆ ಜೋಡಿಸುತ್ತಾರೆ. ಕಂಬಿ ಕಟ್ಟುವುದು, ವಿದ್ಯುತ್ ಕೊಳವೆಗಳನ್ನು ಹಾಸುವುದು, ಅಚ್ಚು ಜೋಡಿಸುವುದು, ಗೋಡೆ ಮತ್ತು ಚಾವಣಿಗೆ ಒಟ್ಟಿಗೆ ಕಾಂಕ್ರೀಟು ಸುರಿಯುವುದು, ಈ ನಾಲ್ಕು ಕೆಲಸಗಳ ಸುತ್ತು ಚುರುಕಾಗಿ ನಡೆದಲ್ಲಿ ಒಂದು ವಾರದಿಂದ ಹತ್ತು ಹನ್ನೆರಡು ದಿನಗಳಲ್ಲಿ ಒಂದು ಅಂತಸ್ತು ಏರುತ್ತದೆ.

ವೇಗಕ್ಕೆ ಮಿತಿಯೂ ಉಂಟು. ಐಎಸ್ 456ರ ಪ್ರಕಾರ ಗೋಡೆ-ಕಂಬಗಳ ಬದಿಯ ಅಚ್ಚನ್ನು ಒಂದು ದಿನದೊಳಗೆ ಬಿಚ್ಚಬಹುದಾದರೂ, ನಾಲ್ಕೂವರೆ ಮೀಟರ್ ವರೆಗಿನ ಚಾವಣಿಯ ಕೆಳಗಿನ ಊರುಗೋಲುಗಳು ಸಾಮಾನ್ಯವಾಗಿ ಏಳು ದಿನ, ಅದಕ್ಕಿಂತ ಅಗಲವಾದ ಚಾವಣಿಯವು ಹದಿನಾಲ್ಕು ದಿನ ನಿಲ್ಲಬೇಕು. ಮೇಲೆ ಎರೆಯುತ್ತಿರುವ ಹಸಿ ಚಾವಣಿಯ ಭಾರ ಊರುಗೋಲುಗಳ ಮೂಲಕ ಕೆಳಗಿನ ಎಳೆಯ ಚಾವಣಿಗೆ ಇಳಿಯುವುದರಿಂದ, ಎರಡು ಮೂರು ಅಂತಸ್ತುಗಳ ಊರುಗೋಲುಗಳು ಒಂದರ ಕೆಳಗೊಂದು ನಿಂತಿರಬೇಕಾಗುತ್ತದೆ. ಕಾಂಕ್ರೀಟು ಗಟ್ಟಿಯಾಗಲು ತೇವವೂ ಬೇಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ ಏಳು ದಿನ, ಬೂದಿ ಅಥವಾ ಕಿಟ್ಟ ಬೆರೆತ ಸಿಮೆಂಟಿಗೆ ಕನಿಷ್ಠ ಹತ್ತು ದಿನ ನೀರು ಹೊಡೆಯುವ ಕೆಲಸವನ್ನು ಮಾನಕ ಕಡ್ಡಾಯ ಮಾಡಿದೆ. 2024ರ ಬೇಸಿಗೆಯಲ್ಲಿ ನೀರಿನ ಬರ ತಲೆದೋರಿ ಬೆಂಗಳೂರು ಜಲಮಂಡಳಿಯು ಕಟ್ಟಡ ಕಾಮಗಾರಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿದಾಗ, ಸಂಸ್ಕರಿಸಿದ ನೀರಿನತ್ತ ನಿರ್ಮಾಣ ಕ್ಷೇತ್ರ ತಿರುಗಲೇಬೇಕಾಯಿತು. ಕುಡಿಯುವವರ ಕೊಡವೂ ಚಾವಣಿಯ ದಾಹವೂ ಒಂದೇ ನಲ್ಲಿಗೆ ಎದುರಾಗಬಾರದೆಂಬ ಈ ನೀತಿ ಬರಗಾಲಕ್ಕಷ್ಟೇ ಸೀಮಿತವಾಗದೆ ಉಳಿಯತಕ್ಕದ್ದು.

ನೋಡುಗರ ಕಣ್ಣನ್ನು ಮೊದಲು ಸೆಳೆಯುವುದು ಗೋಪುರದ ಕ್ರೇನು. ತಾನು ಎತ್ತುವ ಕಟ್ಟಡಕ್ಕಿಂತ ಸದಾ ಎತ್ತರದಲ್ಲಿರುವ ಈ ಯಂತ್ರ ಬೆಳೆಯುವ ಬಗೆಯನ್ನು ತಿಳಿದವರು ಕಡಿಮೆ. ಉಕ್ಕಿನ ಚೌಕಟ್ಟುಗಳನ್ನು ಒಂದರ ಮೇಲೊಂದು ಕೂರಿಸಿದ ಅದರ ಕಂಬದ ಮೇಲ್ತುದಿಯಲ್ಲಿ, ಕಂಬವನ್ನು ಸುತ್ತುವರಿದ ಏರುಚೌಕಟ್ಟು ಇರುತ್ತದೆ. ಹೊಸ ತುಂಡು ಸೇರಿಸಬೇಕಾದಾಗ ಈ ಚೌಕಟ್ಟಿನ ಹೈಡ್ರಾಲಿಕ್ ಜಾಕು ಕ್ರೇನಿನ ಇಡೀ ತಲೆಭಾಗವನ್ನು ಮೇಲಕ್ಕೆ ತಳ್ಳಿ ತೆರವು ಮಾಡುತ್ತದೆ. ಕ್ರೇನು ತಾನೇ ಎತ್ತಿ ತಂದ ಹೊಸ ತುಂಡನ್ನು ಆ ತೆರವಿನೊಳಗೆ ಸರಿಸಿ ಬೋಲ್ಟು ಬಿಗಿಯುತ್ತಾರೆ. ಹೀಗೆ ಏರಿದ ಕಂಬವು ತಾನೊಂದೇ ನಿಲ್ಲಲಾರದಷ್ಟು ಎತ್ತರವಾದಾಗ ಅದನ್ನು ಅಲ್ಲಲ್ಲಿ ಕಟ್ಟಡಕ್ಕೆ ಬಿಗಿಯುತ್ತಾರೆ. ಒಂದು ಕಡೆಯ ಉದ್ದನೆಯ ತೋಳು ಸಾಮಾನು ಎತ್ತಿದರೆ, ಇನ್ನೊಂದು ಕಡೆಯ ಗಿಡ್ಡ ತೋಳಿನಲ್ಲಿ ಕಾಂಕ್ರೀಟ್ ತೂಕಗಳು ಅದನ್ನು ಸರಿದೂಗಿಸುತ್ತವೆ. ಕೆಲಸ ನಿಂತ ಹೊತ್ತಿನಲ್ಲಿ ಅದರ ತೋಳು ಗಾಳಿ ಬೀಸಿದತ್ತ ತಿರುಗುವುದನ್ನು ಕಂಡು ಕೆಲವರು ಗಾಬರಿಗೊಳ್ಳುವುದುಂಟು. ನಿಜದಲ್ಲಿ ಅದು ಉದ್ದೇಶಪೂರ್ವಕ. ತಿರುಗಣೆಯ ಬ್ರೇಕು ಬಿಟ್ಟಾಗ ತೋಳು ಗಾಳಿಯ ದಿಕ್ಕಿಗೆ ಹೊಂದಿಕೊಂಡು ಅದರ ಒತ್ತಡವನ್ನು ತಗ್ಗಿಸಿಕೊಳ್ಳುತ್ತದೆ. ಬ್ರೇಕು ಬಿಗಿದಿಟ್ಟರೆ ಬಿರುಗಾಳಿ ಅದನ್ನು ಅಡ್ಡಲಾಗಿ ಹೊಡೆದು ಬೀಳಿಸೀತು.

ಗಾಳಿ, ಲಂಬ ಮತ್ತು ಕುಗ್ಗುವ ಕಂಬ

ಎತ್ತರ ಹೆಚ್ಚಿದಂತೆ ವಿನ್ಯಾಸವನ್ನು ಆಳುವುದು ಕಟ್ಟಡದ ಸ್ವಂತ ಭಾರಕ್ಕಿಂತ ಹೆಚ್ಚಾಗಿ ಗಾಳಿ. ಎತ್ತರ ಎರಡು ಪಟ್ಟಾದರೆ ಗಾಳಿಗೆ ಒಡ್ಡಿದ ಮೈಯೂ, ಗಾಳಿ ತಳ್ಳುವ ಸನ್ನೆಯ ಉದ್ದವೂ ಎರಡೆರಡು ಪಟ್ಟಾಗಿ, ಬುಡದಲ್ಲಿ ಉರುಳಿಸುವ ಬಲ ಕನಿಷ್ಠ ನಾಲ್ಕು ಪಟ್ಟಾಗುತ್ತದೆ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದು ಇನ್ನೊಂದು ಸಂಗತಿ. ಭಾರತೀಯ ಮಾನಕವು ವಿನ್ಯಾಸಕ್ಕಾಗಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಚೆನ್ನೈಗೆ 50 ಮೀಟರ್ ಮೂಲವೇಗವನ್ನು ಗೊತ್ತುಪಡಿಸಿರುವುದರಿಂದ, ಒಂದೇ ಎತ್ತರದ ಗೋಪುರ ಕಡಲತಡಿಯ ಚೆನ್ನೈಯಲ್ಲಿ ಬೆಂಗಳೂರಿಗಿಂತ ಎರಡು ಪಟ್ಟಿಗೂ ಮಿಗಿಲಾದ ಒತ್ತಡವನ್ನು ಎದುರಿಸಬೇಕು. ಬುರ್ಜ್ ಖಲೀಫಾದ ವಿನ್ಯಾಸಕರು ಕಟ್ಟಡದ ಮೂರು ರೆಕ್ಕೆಗಳು ನಡುವಿನ ಕೋರಿಗೆ ಆಸರೆಗೊಟ್ಟು ನಿಲ್ಲುವಂತೆ ಮಾಡಿ, ಮೇಲೇರಿದಂತೆ ಅದರ ಆಕಾರವನ್ನು ಮೆಟ್ಟಿಲುಮೆಟ್ಟಿಲಾಗಿ ಬದಲಿಸಿದ್ದು ಈ ಕಾರಣಕ್ಕೇ. ಆಕಾರ ಬದಲಾಗುತ್ತ ಹೋದಾಗ ಗಾಳಿಯ ಸುಳಿಗಳು ಒಂದೇ ಲಯದಲ್ಲಿ ಕೂಡಿ ಕಟ್ಟಡವನ್ನು ತೂಗಲಾರವು. ಅಲ್ಲಿಯೇ ಕಾಂಕ್ರೀಟನ್ನು ಒಂದೇ ಪಂಪಿನ ಬಲದಿಂದ 600 ಮೀಟರಿಗಿಂತ ಮೇಲಕ್ಕೆ ಏರಿಸಿದ್ದು ಆ ಕಾಲದ ದಾಖಲೆ.

ಗೋಪುರ ನೆಟ್ಟಗೆ ಏರುತ್ತಿದೆಯೇ ಎಂಬುದನ್ನು ಹಿಂದೆ ಮೇಸ್ತ್ರಿಯ ತೂಗುಗುಂಡು ಹೇಳುತ್ತಿತ್ತು. ಎತ್ತರದ ಗಾಳಿಯಲ್ಲಿ ದಾರ ಓಲಾಡುವುದರಿಂದ ಈಗ ಪ್ರತಿ ಅಂತಸ್ತಿನ ಚಾವಣಿಯಲ್ಲಿ ಒಂದೇ ಜಾಗದಲ್ಲಿ ಚಿಕ್ಕ ಕಿಂಡಿಗಳನ್ನು ಬಿಟ್ಟು, ಕೆಳಗಿನಿಂದ ಲೇಸರ್ ಕಿರಣವನ್ನು ನೇರ ಮೇಲಕ್ಕೆ ಹಾಯಿಸಿ, ಅದು ಬಿದ್ದ ಬಿಂದುವಿನಿಂದ ಹೊಸ ಅಂತಸ್ತಿನ ಗೋಡೆಗಳನ್ನು ಗುರುತಿಸುತ್ತಾರೆ. ಅತಿ ಎತ್ತರದಲ್ಲಿ ಉಪಗ್ರಹ ಆಧಾರಿತ ಅಳತೆಯೂ ಜೊತೆಗೂಡುತ್ತದೆ. ಇದಲ್ಲದೆ ಕಾಂಕ್ರೀಟು ಭಾರ ಹೊತ್ತು ನಿಂತಂತೆ ವರ್ಷಗಳ ಕಾಲ ಅಲ್ಪಸ್ವಲ್ಪ ಕುಗ್ಗುತ್ತಲೇ ಇರುವ ವಸ್ತುವಾದ್ದರಿಂದ, ಹೆಚ್ಚು ಭಾರದ ಕಂಬ ಹೆಚ್ಚು ಕುಗ್ಗಿ, ಗೋಡೆ ಕಡಿಮೆ ಕುಗ್ಗಿ, ನೆಲ ಓರೆಯಾಗುವ ಸಂಭವವಿದೆ. ಈ ಅಂತರವನ್ನು ಮೊದಲೇ ಲೆಕ್ಕಹಾಕಿ, ಕಂಬಗಳನ್ನು ಕೆಲವು ಮಿಲಿಮೀಟರ್ ಎತ್ತರಿಸಿಯೇ ಎರೆಯುವುದು ಎತ್ತರದ ಗೋಪುರಗಳ ರೂಢಿ. ಹತ್ತು ವರ್ಷಗಳ ಮುಂದಿನ ಕುಗ್ಗುವಿಕೆಗೆ ಇಂದೇ ಜಾಗ ಮಾಡಿಕೊಡುವ ಈ ಮುಂದಾಲೋಚನೆ ಇಂಜಿನಿಯರಿಂಗಿನ ಅತ್ಯಂತ ಗೌರವಾರ್ಹ ಗುಣಗಳಲ್ಲಿ ಒಂದು.

ಕಟ್ಟುವ ಕೈಗಳು

ಈ ಲೆಕ್ಕಾಚಾರಗಳೆಲ್ಲ ಕೊನೆಗೆ ನಿಲ್ಲುವುದು ಕೆಲಸಗಾರರ ಕೈಯಲ್ಲಿ. ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಗುಳೆ ಬಂದವರು, ಬಿಹಾರ, ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳಗಳಿಂದ ಬಂದವರು ಒಂದೇ ಚಾವಣಿಯ ಮೇಲೆ ಬೇರೆ ಬೇರೆ ನುಡಿಗಳಾಡುತ್ತ ಕಂಬಿ ಕಟ್ಟುತ್ತಾರೆ, ಅಚ್ಚು ಜೋಡಿಸುತ್ತಾರೆ, ವೈಬ್ರೇಟರಿನ ಮೂತಿಯನ್ನು ಹಸಿ ಕಾಂಕ್ರೀಟಿನೊಳಗೆ ಇಳಿಸಿ ಗಾಳಿಯ ಗುಳ್ಳೆಗಳನ್ನು ಹೊರಡಿಸುತ್ತಾರೆ. ವೈಬ್ರೇಟರ್ ಹಿಡಿದವನು ಒಂದು ಮೂಲೆಯನ್ನು ಮರೆತರೆ ಅಲ್ಲಿ ಜಲ್ಲಿ ಮಾತ್ರ ನಿಂತು ಜೇನುಹುಟ್ಟಿನಂತೆ ತೂತುಬಿದ್ದ ಕಾಂಕ್ರೀಟು ಉಳಿಯುತ್ತದೆ ಎಂಬುದನ್ನು ಬಲ್ಲವರು, ಆ ಕೆಲಸಗಾರನ ವಿಶ್ರಾಂತಿ, ಊಟ, ತರಬೇತಿ ಇವೆಲ್ಲ ಕಟ್ಟಡದ ಬಲದ ಭಾಗವೇ ಎಂದು ಒಪ್ಪಲೇಬೇಕು.

ಕಟ್ಟಡ ಕಾರ್ಮಿಕರ ಸುರಕ್ಷತೆ ಮತ್ತು ಕಲ್ಯಾಣಕ್ಕಾಗಿ 1996ರಲ್ಲಿ ಸಂಸತ್ತು ರೂಪಿಸಿದ ಕಾಯ್ದೆಯು ಹೆಲ್ಮೆಟು, ಕುಡಿಯುವ ನೀರು, ವಸತಿ, ಪ್ರಥಮ ಚಿಕಿತ್ಸೆಗಳ ಹೊಣೆಯನ್ನು ಮಾಲೀಕರಿಗೆ ವಹಿಸಿ, ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಮಕ್ಕಳಿಗೆ ಶಿಶುಮನೆ ಇರಬೇಕೆಂದು ವಿಧಿಸಿತು. ಅದರ ಜೊತೆಗೆ ಬಂದ ಕಾಯ್ದೆ ಆರಂಭಿಸಿದ ಪದ್ಧತಿಯಂತೆ ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಸಂಗ್ರಹವಾಗಿ, ಕರ್ನಾಟಕದಲ್ಲಿ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಮೂಲಕ ನೋಂದಾಯಿತ ಕಾರ್ಮಿಕರ ಪಿಂಚಣಿ, ಹೆರಿಗೆ ನೆರವು, ಮಕ್ಕಳ ಶಿಕ್ಷಣದ ಸಹಾಯಧನಗಳಿಗೆ ಸಲ್ಲಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ದಾಖಲೆ ನೋಂದಣಿಗೆ ಬೇಕಾಗಿದ್ದು, ಒಂದು ನಿವೇಶನದಿಂದ ಇನ್ನೊಂದಕ್ಕೆ, ಒಬ್ಬ ಗುತ್ತಿಗೆದಾರನಿಂದ ಇನ್ನೊಬ್ಬನಿಗೆ ದಾಟುತ್ತಲೇ ಇರುವ ವಲಸಿಗರಿಗೆ ಆ ದಾಖಲೆ ಒದಗಿಸಿಕೊಳ್ಳುವುದೇ ಕಷ್ಟ. ಆದ್ದರಿಂದ ಗೋಪುರವನ್ನು ನೋಡುವ ಕಣ್ಣು ಅದರ ಪಕ್ಕದ ತಗಡಿನ ಶೆಡ್ಡುಗಳನ್ನೂ ನೋಡಬೇಕು. ಅಂಚಿನಲ್ಲಿ ದುಡಿಯುವವನ ಸೊಂಟದ ಪಟ್ಟಿ ಯಾವುದಾದರೂ ಗಟ್ಟಿ ಆಧಾರಕ್ಕೆ ಸಿಕ್ಕಿಸಿದೆಯೇ, ತೆರೆದ ಅಂಚಿಗೆ ಕಟಾಂಜನ ಇದೆಯೇ, ಕೆಳಗೆ ಬಲೆ ಹರಡಿದೆಯೇ ಎಂಬ ಪ್ರಶ್ನೆಗಳು ಕಾಂಕ್ರೀಟಿನ ಬಲದ ಪ್ರಶ್ನೆಯಷ್ಟೇ ತೂಕದವು.

ನೋಡದೆ ಹೋದದ್ದರ ಬೆಲೆ

1983ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ ನಿರ್ಮಾಣ ಹಂತದಲ್ಲಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ವಾಣಿಜ್ಯ ಕಟ್ಟಡ ಕುಸಿದು 19 ಜೀವಗಳು ಹೋದವು. ನಿರ್ಮಾಣದ ಹಂತವೇ ಕಟ್ಟಡದ ಅತ್ಯಂತ ದುರ್ಬಲ ಘಟ್ಟ. ಕಾಂಕ್ರೀಟು ಇನ್ನೂ ಎಳೆಯದಾಗಿರುತ್ತದೆ, ಊರುಗೋಲುಗಳ ಮೇಲೆ ಭಾರ ಇರುತ್ತದೆ, ಯೋಜನೆಯಲ್ಲಿಲ್ಲದ ಅಂತಸ್ತನ್ನು ಸೇರಿಸುವ ದುರಾಸೆಗೂ ಅದೇ ಸಮಯ. ಮುಗಿದ ಕಟ್ಟಡದಲ್ಲಿಯೂ ಕಣ್ಣಿಗೆ ಬೀಳದ ಲೋಪ ಸಾವು ತರಬಲ್ಲದೆಂಬುದಕ್ಕೆ 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ-ಹೊಗೆಗಳಿಗೆ ಒಂಬತ್ತು ಜನ ಬಲಿಯಾದದ್ದು ಸಾಕ್ಷಿ. ಪಾರಾಗುವ ಮೆಟ್ಟಿಲು ಎಷ್ಟಿವೆ, ಎಷ್ಟು ಅಗಲವಿವೆ, ನೇರ ಹೊರಗೆ ತೆರೆಯುತ್ತವೆಯೇ ಎಂಬುದು ಅಂತಸ್ತು ಬಯಲಾಗಿರುವಾಗಲೇ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

ಬರಿಗಣ್ಣಿನ ನೋಟಕ್ಕೆ ಎಲ್ಲವೂ ತಿಳಿಯದು ಎಂಬುದೂ ನಿಜ. ಕಾಂಕ್ರೀಟಿನ ಬಲವನ್ನಾಗಲಿ ಕಂಬಿಯ ಲೆಕ್ಕವನ್ನಾಗಲಿ ರಸ್ತೆಯಲ್ಲಿ ನಿಂತು ನಿರ್ಣಯಿಸಲಾಗದು. ಅದಕ್ಕೆ ನಕ್ಷೆ, ಪರೀಕ್ಷಾ ವರದಿ ಮತ್ತು ತಜ್ಞರ ಸಹಿ ಬೇಕು. ಆದರೆ ತುಕ್ಕು ಹಿಡಿದು ಹೊರಚಾಚಿದ ಕಂಬಿ, ತೂತುಬಿದ್ದ ಕಂಬ, ಒಂದೇ ದಿನದಲ್ಲಿ ಕಣ್ಮರೆಯಾದ ಊರುಗೋಲು, ನೀರು ಕಾಣದೆ ಬೆಳ್ಳಗೆ ಒಣಗಿದ ಚಾವಣಿ, ಫಲಕದಲ್ಲಿ ಬರೆದದ್ದಕ್ಕಿಂತ ಒಂದು ಹೆಚ್ಚಾದ ಅಂತಸ್ತು, ಇವಿಷ್ಟನ್ನು ಓದಲು ಪದವಿ ಬೇಡ. ತಜ್ಞರಿಗೆ ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ನಾಗರಿಕರಲ್ಲಿ ಇದ್ದರೆ ತಜ್ಞರೂ ಎಚ್ಚರದಿಂದಿರುತ್ತಾರೆ.

ಬೇಲಿಯಲ್ಲಿ ಕಿಂಡಿ

ನೋಡುವವರನ್ನು ಗೌರವದಿಂದ ಬರಮಾಡಿಕೊಂಡ ಉದಾಹರಣೆಗಳೂ ಇವೆ. ನ್ಯೂಯಾರ್ಕಿನಲ್ಲಿ ರಾಕ್‌ಫೆಲ್ಲರ್ ಸೆಂಟರ್ ನಿರ್ಮಾಣವಾಗುತ್ತಿದ್ದಾಗ, 1930ರ ದಶಕದ ಕೊನೆಯಲ್ಲಿ, ಬೇಲಿಯ ಬಳಿ ದಾರಿಹೋಕರಿಗೆಂದೇ ನೋಡುವ ತಾಣವನ್ನು ಒದಗಿಸಿ, ಅಲ್ಲಿ ನಿಂತು ನೋಡುವವರನ್ನು ಪಾದಚಾರಿ ಮೇಲ್ವಿಚಾರಕರೆಂದು ಕರೆದು, ಅವರಿಗೆ ಆ ಹೆಸರಿನ ಸಂಘದ ಸದಸ್ಯತ್ವದ ಚೀಟಿಯನ್ನೂ ಕೊಡಲಾಗಿತ್ತು. ಭಾರತದಲ್ಲಿ 2016ರ ರಿಯಲ್ ಎಸ್ಟೇಟ್ ಕಾಯ್ದೆ ಇದೇ ತತ್ತ್ವವನ್ನು ಕಾನೂನಿನ ಭಾಷೆಯಲ್ಲಿ ಹೇಳಿದೆ. 500 ಚದರ ಮೀಟರಿಗಿಂತ ದೊಡ್ಡ ನಿವೇಶನದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಗಳು ಆ ಕಾಯ್ದೆಯಡಿ ರಚನೆಯಾದ ರೇರಾ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡು, ಅನುಮೋದಿತ ನಕ್ಷೆಗಳನ್ನು ಪ್ರಕಟಿಸಿ, ಮೂರು ತಿಂಗಳಿಗೊಮ್ಮೆ ಪ್ರಗತಿಯ ವಿವರ ಸಲ್ಲಿಸಬೇಕು. ಮನೆ ಒಪ್ಪಿಸಿದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರು ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಆದರೆ ಈ ವಿವರಗಳು ಕೊಳ್ಳುವವರನ್ನು ಉದ್ದೇಶಿಸಿದವು. ಪಕ್ಕದ ಮನೆಯವರಿಗೆ, ದಾರಿಹೋಕರಿಗೆ, ಆ ರಸ್ತೆಯಲ್ಲಿ ನಿತ್ಯ ನಡೆಯುವ ಶಾಲೆಯ ಮಕ್ಕಳ ಪೋಷಕರಿಗೆ ತಲುಪುವಂತೆ ಬೀದಿಯಲ್ಲೇ ಕಾಣುವ ವ್ಯವಸ್ಥೆ ಇನ್ನೂ ಬೆಳೆಯಬೇಕಾಗಿದೆ.

ಆ ವ್ಯವಸ್ಥೆಗೆ ದೊಡ್ಡ ಖರ್ಚೇನೂ ಇಲ್ಲ. ಪ್ರತಿ ನಿವೇಶನದ ಮುಂದೆ ಅನುಮತಿ ಪಡೆದ ಅಂತಸ್ತುಗಳ ಸಂಖ್ಯೆ, ನೆಲಮಾಳಿಗೆಯ ಆಳ, ರಚನಾ ಇಂಜಿನಿಯರಿನ ಹೆಸರು, ಕೊನೆಯದಾಗಿ ನಡೆದ ಕ್ಯೂಬ್ ಪರೀಕ್ಷೆಯ ಫಲಿತಾಂಶ, ದೂರು ಸಲ್ಲಿಸಬೇಕಾದ ಕಚೇರಿ ಇವುಗಳನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದ ಫಲಕ ಇರಲಿ. ಬೇಲಿಯ ತಗಡಿನಲ್ಲಿ ಸುರಕ್ಷಿತ ಅಂತರದಿಂದ ಒಳಗೆ ನೋಡಲು ಜಾಲರಿ ಹಾಕಿದ ಕಿಂಡಿಗಳಿರಲಿ. ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ನಿಯತವಾಗಿ ಅಲ್ಲಿಗೆ ಕರೆತರಲಿ. ಓದುಗರೂ ತಮ್ಮ ಬೀದಿಯಲ್ಲಿ ಏಳುತ್ತಿರುವ ಕಟ್ಟಡದ ಫಲಕವನ್ನು ಇಂದೇ ಓದಿ, ಅಂತಸ್ತುಗಳನ್ನು ಎಣಿಸಿ, ಅನುಮಾನ ಬಂದಲ್ಲಿ ಪಾಲಿಕೆಗೆ ಬರೆದು ಕೇಳಬೇಕು. ಗಿಲಾವು ಬಿದ್ದ ಮೇಲೆ ಕೇಳುವ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಕೇಳಬೇಕಾದ ಕಾಲ ಕಟ್ಟಡ ಮೇಲೇಳುತ್ತಿರುವ ಈ ಕಾಲವೇ.